ಕರ್ನಲ್ 6.15 ಬಂತು, ವರ್ಚುವಲ್ ಮಷೀನ್ ಮಲಗಿತು

ಹೆಸರು ಬೇಡ. ದುಡ್ಡು ಕೊಟ್ಟು ತಗೊಂಡ, ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ವರ್ಚುವಲ್ ಮಷೀನ್ ಸಾಫ್ಟ್‌ವೇರ್ ಇದು. ನನ್ನ ಲೆಕ್ಕಪತ್ರದ ವಿಂಡೋಸ್ ಪ್ರೋಗ್ರಾಂ ಇದರೊಳಗೇ ಓಡಬೇಕು. ಲಿನಕ್ಸ್ ಕರ್ನಲ್ (ಅಂದ್ರೆ ಸಿಸ್ಟಂನ ತಿರುಳು) 6.15ಕ್ಕೆ ಅಪ್‌ಡೇಟ್ ಮಾಡಿದ್ದೇ ತಡ, ಕರ್ನಲ್ ಜೊತೆ ಸೇರಿಕೊಳ್ಳುವ ಇದರ ತುಣುಕು, ಅಂದ್ರೆ ಮಾಡ್ಯೂಲ್, ಕಂಪೈಲ್ ಆಗಲಿಲ್ಲ. ಸ್ಕ್ರೀನ್ ತುಂಬ ಎರರ್. ಕೂತು ಓದಿದರೆ ವಿಷಯ ಇಷ್ಟೇ: 'ಡೆಲ್_ಟೈಮರ್_ಸಿಂಕ್' ಅನ್ನೋ ಹಳೇ ಫಂಕ್ಷನ್ ಹೆಸರನ್ನು ಕರ್ನಲ್‌ನಿಂದ ಕಿತ್ತು ಹಾಕಿದ್ದಾರೆ. ಈಗ 'ಟೈಮರ್_ಡಿಲೀಟ್_ಸಿಂಕ್' ಅನ್ನಬೇಕು. ಸಿಕ್ಕ ಕಡೆಯೆಲ್ಲ ಬದಲಿಸಿ ಮತ್ತೆ ಕಂಪೈಲ್ ಮಾಡೋಕೆ 'ಮೇಕ್' ಕೊಟ್ಟೆ. ಆಯ್ತು ಅನ್ನುವಷ್ಟರಲ್ಲಿ ಸಹಿ ಇಲ್ಲದ ಕೋಡನ್ನು ತಡೆಯುವ ಸೆಕ್ಯೂರ್ ಬೂಟ್ ಅಡ್ಡ ಬಂತು, ಮಾಡ್ಯೂಲಿಗೆ ಸಹಿ ಬೇಕಂತೆ! ಅದೂ ಮುಗಿಸಿದ ಮೇಲೆ ವಿಂಡೋಸ್ ಎದ್ದಿತು. ಕಾಫಿ ಮಾತ್ರ ಆರಿ ತಣ್ಣಗಾಗಿತ್ತು.

ಸ್ನ್ಯಾಪ್‌ಶಾಟ್, ಗ್ರಾಫಿಕ್ಸ್ ಎಲ್ಲ ಚೆನ್ನಾಗಿದೆ, ಸುಮ್ನೆ ಬೈಯಲ್ಲ. ಆದರೆ ಗಿರಾಕಿ ಸಿ ಕೋಡ್ ತಿದ್ದಬೇಕಾ? ಐದಕ್ಕೆ ಮೂರು ಅಂಕ. 2007ರಿಂದ ಕರ್ನಲ್ ಒಳಗೇ ಇರುವ ವರ್ಚುವಲ್ ಮಷೀನ್ ವ್ಯವಸ್ಥೆ ಕೆವಿಎಂಗೆ ಈ ತಲೆನೋವಿಲ್ಲ. ಮುಂದಿನ ವಾರ ಅದಕ್ಕೇ ಗಂಟುಮೂಟೆ ಕಟ್ತೀನಿ.