ಗೇರ್ ‘ಸ್ಮೂತ್’ ಮಾಡಿಸಲು ಹೋಗಿ ಗೇರ್ ಬಾಕ್ಸ್ ಬಿಚ್ಚಿಸುವಂತಾದೀತು, ಎಚ್ಚರ

ಚಿಕ್ಕಬಳ್ಳಾಪುರದ ಕಡೆಯ ಒಂದು ಸಣ್ಣ ಕಾರು. ಗೇರ್ ಲಿವರ್‌ನಿಂದ ಗೇರ್ ಬಾಕ್ಸಿಗೆ ಎರಡು ಕೇಬಲ್ ಹೋಗುವ ಮಾದರಿ. ದೂರು ಇದ್ದದ್ದು ಇಷ್ಟೇ: ಬೆಳಿಗ್ಗೆ ಫಸ್ಟ್ ಗೇರ್ ಬಿಗಿ, ರಿವರ್ಸ್ ಹಾಕಿದರೆ ಕರ್ರೆನ್ನುತ್ತದೆ. ಗ್ಯಾರೇಜಿನವರು ಒಟ್ಟಿಗೇ ನಾಲ್ಕು ಕೆಲಸ ಮಾಡಿದರು. ಗೇರ್ ಆಯಿಲ್ ಬದಲಿಸಿ 80ಡಬ್ಲ್ಯೂ-90 (ಆಯಿಲ್ ಎಷ್ಟು ದಪ್ಪ ಎಂಬುದರ ಗ್ರೇಡ್) ಜಿಎಲ್-5 (ಗೇರ್ ಆಯಿಲಿನ ಒಂದು ವರ್ಗ) ಸುರಿದರು, ಕೇಬಲ್ ತುದಿಯ ನೈಲಾನ್ ಬುಷ್ (ಪಿನ್ ಕೂರುವ ಬಳೆ) ತೆಗೆದು ಹಿತ್ತಾಳೆ ಬುಷ್ ಹಾಕಿದರು, ಲಿವರ್ ಓಟ (ಸರಿಯುವ ದೂರ) ಕಡಿಮೆಯಾಗಲೆಂದು ಗೇರ್ ಬಾಕ್ಸ್ ಮೇಲಿನ, ಕೇಬಲ್ ಎಳೆಯುವ ಆರ್ಮ್‌ನಲ್ಲಿ ಹೊಸ ತೂತು ಕೊರೆದರು, ಮೇಲೊಂದು ಭಾರದ ಸ್ಟೀಲ್ ನಾಬ್ ತಿರುಗಿಸಿದರು.

ಮೊದಮೊದಲು ಲಿವರ್ ಚುರುಕಾಗಿತ್ತು. ಆಮೇಲೆ ಸೆಕೆಂಡ್ ಗೇರ್ ಕರಕರ ಎನ್ನತೊಡಗಿತು. ಕೊನೆಗೆ ನಂದಿ ಬೆಟ್ಟ ಇಳಿಯುವಾಗ, ತಿರುವಿಗೆ ಮುಂಚೆ ಆಕ್ಸಿಲರೇಟರ್ ಬಿಟ್ಟ ಕೂಡಲೇ ಸೆಕೆಂಡ್ ಗೇರ್ ತಾನಾಗಿ ಕಳಚಿ ನ್ಯೂಟ್ರಲ್‌ಗೆ ಬಂತು. ಇಳಿಜಾರಿನಲ್ಲಿ ಎಂಜಿನ್ ಹಿಡಿತ ಹೋದರೆ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಚೆನ್ನಾಗಿದ್ದುದರಿಂದ ಅನಾಹುತ ತಪ್ಪಿತು.

ಮೂಲ ದೋಷ ಇದ್ದದ್ದು ಕ್ಲಚ್‌ನಲ್ಲಿ. ಅದನ್ನು ಯಾರೂ ನೋಡಲೇ ಇಲ್ಲ. ನೋಡಲು ಸ್ಪ್ಯಾನರ್ ಕೂಡ ಬೇಡ: ಎಂಜಿನ್ ಆಫ್ ಮಾಡಿ ಎಲ್ಲ ಗೇರ್ ಹಾಕಿ ನೋಡಿ. ಆಫ್ ಇದ್ದಾಗ ಸಲೀಸು, ಸ್ಟಾರ್ಟ್ ಮಾಡಿದರೆ ಬಿಗಿ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಆಫ್ ಇದ್ದಾಗಲೂ ಬಿಗಿ ಇದ್ದರೆ ಮಾತ್ರ ಕೇಬಲ್, ಬುಷ್, ಲಿವರ್ ಕಡೆ ಹೋಗಬೇಕು. ಇನ್ನೊಂದು ಪರೀಕ್ಷೆ: ಐಡ್ಲಿಂಗ್‌ನಲ್ಲಿ ಕ್ಲಚ್ ಒತ್ತಿ ಹಿಡಿದು 4-5 ಸೆಕೆಂಡ್ ಕಾದು ರಿವರ್ಸ್ ಹಾಕಿ. ಆಗಲೂ ಕರ್ರೆಂದರೆ ಅನುಮಾನ ಕ್ಲಚ್ ಮೇಲೆಯೇ. ಈ ಕಾರಿನ ಹೈಡ್ರಾಲಿಕ್ ಕ್ಲಚ್‌ನ ಆಯಿಲ್, ಅಂದರೆ ಬ್ರೇಕ್ ಫ್ಲೂಯಿಡ್, ಕಂದು ಬಣ್ಣಕ್ಕೆ ತಿರುಗಿತ್ತು, ಲೈನಿನಲ್ಲಿ ಗಾಳಿಯೂ ಸೇರಿತ್ತು. ಆ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಏನು ಬರೆದಿದೆಯೋ ಅದೇ ಹೊಸ ಆಯಿಲ್ ಹಾಕಿ ಗಾಳಿ ತೆಗೆಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಗಾಳಿ ತೆಗೆಸಿದ ಮೇಲೂ ಪೆಡಲ್ ಮೆತ್ತಗಿದ್ದರೆ ಸ್ಲೇವ್ ಸಿಲಿಂಡರ್‌ನ (ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ) ರಬ್ಬರ್ ಸರಿಸಿ ಒದ್ದೆ ಇದೆಯೇ ನೋಡಬೇಕು. ಕೇಬಲ್ ಕ್ಲಚ್ ಆದರೆ ಫ್ರೀ ಪ್ಲೇ (ಪೆಡಲಿನ ಖಾಲಿ ಓಟ) ಅಡ್ಜಸ್ಟ್ ಮಾಡಿಸಿದರೆ ಸಾಕಾಗುವುದೂ ಉಂಟು.

ಇನ್ನು ಆಯಿಲ್. ‘ಜಿಎಲ್-5 ಅಂದರೆ ಜಿಎಲ್-4ಗಿಂತ ಮೇಲಿನ ದರ್ಜೆ’ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಜಿಎಲ್-5 ಮುಖ್ಯವಾಗಿ ಡಿಫರೆನ್ಷಿಯಲ್‌ನ (ಚಕ್ರಗಳಿಗೆ ಶಕ್ತಿ ಹಂಚುವ ಭಾಗ) ಹೈಪಾಯ್ಡ್ ಗೇರ್‌ಗಳಿಗೆ, ಅಂದರೆ ಹಲ್ಲುಗಳು ಜೋರಾಗಿ ಉಜ್ಜಿಕೊಂಡು ಜಾರುವ ಗೇರ್‌ಗಳಿಗೆ, ಮಾಡಿದ್ದು. ಅದರಲ್ಲಿ ಗಂಧಕ-ರಂಜಕದ ಅಂಶ ಹೆಚ್ಚು. ಗೇರ್ ಹಾಕುವಾಗ ವೇಗ ಹೊಂದಿಸುವ ಸಿಂಕ್ರೊ ರಿಂಗ್ ಕೆಲಸ ಮಾಡುವುದೇ ಉಜ್ಜಾಟದಿಂದ. ಗೇರಿನ ಕೋನ್ ಮೇಲಿನ ಆಯಿಲ್ ಪದರವನ್ನು ಒರೆಸಿ, ಹಿಡಿದು, ಗೇರು, ಶಾಫ್ಟ್ ಎರಡರ ವೇಗ ಸಮ ಮಾಡಿದ ಮೇಲೆಯೇ ಸ್ಲೀವ್ (ಗೇರನ್ನು ಶಾಫ್ಟಿಗೆ ಸೇರಿಸುವ, ಸರಿಯುವ ಬಳೆ) ಒಳಗೆ ಹೋಗಬೇಕು. ಆಯಿಲ್ ಅತಿ ಜಾರಿದರೆ ವೇಗ ಸಮವಾಗುವ ಮೊದಲೇ ಹಲ್ಲಿಗೆ ಹಲ್ಲು ತಾಗುತ್ತದೆ. ಆ ಕರಕರ ಅದೇ. ಕೆಲವು ಜಿಎಲ್-5 ಆಯಿಲ್‌ಗಳು ಹಿತ್ತಾಳೆಯ ರಿಂಗನ್ನು ತಿನ್ನುವುದೂ ಇದೆ. ಮೇಲಿಂದ, 75ಡಬ್ಲ್ಯೂ-80 ಕೇಳುವ ಗೇರ್ ಬಾಕ್ಸಿಗೆ 80ಡಬ್ಲ್ಯೂ-90 ಹಾಕಿದರೆ ಡಿಸೆಂಬರ್ ಬೆಳಗಿನ ಚಳಿಗೆ ಇನ್ನಷ್ಟು ಬಿಗಿ. ಓನರ್ ಮ್ಯಾನ್ಯುಯಲ್‌ನಲ್ಲಿ ಬರೆದ ಗ್ರೇಡ್ ಬಿಟ್ಟು ಬೇರೆ ಬೇಡ, ಟೆಫ್ಲಾನ್ ಅಥವಾ ಮಾಲಿಬ್ಡಿನಮ್ ಬಾಟಲಿ ಸುರಿಯುವುದಂತೂ ಬೇಡವೇ ಬೇಡ.

ಆಯಿಲ್ ಬದಲಿಸುವಾಗ ಎದುರಿಗೇ ನಿಂತು ನೋಡಿ. ಕಾರು ಮಟ್ಟಸವಾಗಿರಬೇಕು, ಗೇರ್ ಬಾಕ್ಸ್ ಬೆಚ್ಚಗಿರಬೇಕು. ಮೊದಲು ಬಿಚ್ಚಬೇಕಾದ್ದು ಮೇಲಿನ ಫಿಲ್ಲರ್ ಬೋಲ್ಟ್. ಕೆಳಗಿನದು ಬಿಚ್ಚಿ ಆಯಿಲ್ ಖಾಲಿಯಾದ ಮೇಲೆ ಫಿಲ್ಲರ್ ಅಲುಗದಿದ್ದರೆ ಕಾರು ಅಲ್ಲೇ ನಿಲ್ಲುತ್ತದೆ. ಹಳೆಯ ವಾಷರ್ ಮತ್ತೆ ಹಾಕಬಾರದು. ಸಾಮಾನ್ಯವಾಗಿ ಫಿಲ್ಲರ್ ತೂತಿನ ಕೆಳ ಅಂಚಿಗೆ ಆಯಿಲ್ ಬಂದು ಹೊರಗೆ ತೊಟ್ಟಿಕ್ಕಿದರೆ ಭರ್ತಿ ಆಯಿತು. ಡ್ರೈನ್ ಬೋಲ್ಟಿನ ಮ್ಯಾಗ್ನೆಟ್‌ಗೆ ಬೂದು ಪೇಸ್ಟ್ ಅಂಟಿದ್ದರೆ ಗಾಬರಿ ಬೇಡ. ಚೂರು ಸಿಕ್ಕಿದರೆ ಗೇರಿನ ಹಲ್ಲು ಅಥವಾ ಬೇರಿಂಗ್ ಮುರಿದಿರಬಹುದು, ಆಯಿಲ್‌ನಲ್ಲಿ ಹಳದಿ ಮಿನುಗು ಕಂಡರೆ ಸಿಂಕ್ರೊ ಸವೆದಿದೆ.

ಗೇರ್ ಕಳಚಿದ್ದಕ್ಕೆ ಕಾರಣ ಆರ್ಮ್‌ನಲ್ಲಿ ಕೊರೆದ ಆ ಹೊಸ ತೂತು. ಆರ್ಮ್‌ನ ಶಾಫ್ಟಿಗೆ ಹತ್ತಿರ ಕೇಬಲ್ ಸಿಕ್ಕಿಸಿದರೆ ಲಿವರ್ ಓಟ ಕಮ್ಮಿಯಾಗುವುದು ನಿಜ. ಆದರೆ 10 ಸೆಂ.ಮೀ. ಓಟ 7ಕ್ಕೆ ಇಳಿದರೆ ಕೈ ಕೊಡಬೇಕಾದ ಬಲ ಸುಮಾರು 1.4 ಪಟ್ಟು ಆಗುತ್ತದೆ, ಸಿಂಕ್ರೊಗೆ ಸಿಗುವ ಸಮಯವೂ ಕಡಿಮೆಯಾಗುತ್ತದೆ. ಇಲ್ಲಿ ಕೇಬಲ್ ಓರೆಯಾಗಿ, ಹಿಂದಕ್ಕೆ ಎಳೆದಾಗ ಪೂರ್ತಿ ಓಡುತ್ತಿರಲಿಲ್ಲ. ಸೆಕೆಂಡ್ ಗೇರಿನ ಹಲ್ಲುಗಳ ಮೇಲೆ ಸ್ಲೀವ್ ಅರ್ಧ ಮಾತ್ರ ಕೂರುತ್ತಿತ್ತು, ಅದನ್ನು ಹಿಡಿದಿಡುವ ಗುಂಡು ತನ್ನ ಕುಳಿಗೆ ಬೀಳುತ್ತಿರಲಿಲ್ಲ. ಅರ್ಧ ಕೂತು ಓಡಿದ ಹಲ್ಲಿನ ತುದಿ ದುಂಡಗಾಗುತ್ತದೆ, ಆಮೇಲೆ ಕೇಬಲ್ ಸರಿ ಮಾಡಿದರೂ ಗೇರ್ ನಿಲ್ಲುವುದಿಲ್ಲ. ಭಾರದ ನಾಬ್ ಹಳ್ಳದ ರಸ್ತೆಯಲ್ಲಿ ಕುಲುಕಿ ಇದಕ್ಕೆ ಇನ್ನಷ್ಟು ಕುಮ್ಮಕ್ಕು ಕೊಡುತ್ತದೆ.

ಹಿತ್ತಾಳೆ ಬುಷ್ ಎಂಜಿನ್ ನಡುಕವನ್ನೆಲ್ಲ ಲಿವರ್‌ಗೆ ತರುತ್ತದೆ. ಗ್ರೀಸಿಗೆ ನಮ್ಮ ಕಡೆಯ ಕ್ರಷರ್ ಧೂಳು ಕೂತರಂತೂ ಮರಳು ಕಾಗದದ ಹಾಗೆ ಪಿನ್ ತೇಯುತ್ತದೆ. ಕಂಪನಿಯ ನೈಲಾನ್ ಬುಷ್ ಹಾಕಿ, ಹಳೆಯ ಗ್ರೀಸ್ ಒರೆಸಿ, ತೆಳ್ಳಗೆ ಸಿಲಿಕೋನ್ ಗ್ರೀಸ್ ಸವರಿದರೆ ಸಾಕು. ಲಿವರ್ ಸಡಿಲ ಅನ್ನಿಸಿದರೆ ಗೇರ್ ಬಾಕ್ಸ್ ಮೌಂಟ್ ರಬ್ಬರ್ ಬಿರಿದಿದೆಯೇ ಎಂದೂ ನೋಡಿಸಿ.

ಈಗಾಗಲೇ ಆರ್ಮ್ ಕೊರೆಸಿದ್ದರೆ ಕೇಬಲನ್ನು ಹಳೆಯ ತೂತಿಗೇ ಹಾಕಿಸಿ, ಲಿವರ್ ನ್ಯೂಟ್ರಲ್‌ನಲ್ಲಿ ಇಟ್ಟು ಕೇಬಲ್ ಅಡ್ಜಸ್ಟ್ ಮಾಡಿಸಿ. ಮೂಲ ಆರ್ಮ್‌ನ ತೂತು ಹಿಗ್ಗಿದ್ದರೆ ಆರ್ಮ್ ಬದಲಿಸಿ, ವೆಲ್ಡಿಂಗ್ ಬೇಡ. ಆಮೇಲೂ ಆಕ್ಸಿಲರೇಟರ್ ಬಿಟ್ಟಾಗ ಗೇರ್ ಕಳಚಿದರೆ ಗೇರ್ ಬಾಕ್ಸ್ ಬಿಚ್ಚಲೇಬೇಕು. ಆ ಗೇರು, ಸ್ಲೀವ್-ಹಬ್, ಸಿಂಕ್ರೊ ರಿಂಗ್, ಶಿಫ್ಟ್ ಫೋರ್ಕ್ (ಸ್ಲೀವ್ ಸರಿಸುವ ಕವಲು) ನಾಲ್ಕನ್ನೂ ಒಟ್ಟಿಗೆ ನೋಡಿಸಿ. ಬರೀ ರಿಂಗ್ ಬದಲಿಸಿದರೆ ಮತ್ತೆ ಬಿಚ್ಚಬೇಕಾಗುತ್ತದೆ. ಆ ಕೆಲಸ ಮುಗಿಯುವವರೆಗೆ ಕಾರನ್ನು ಬೆಟ್ಟದ ರಸ್ತೆಗೆ ಒಯ್ಯಬೇಡಿ.