ಮೆಡಿಕೇರ್‌ಗೆ ಸಹಿ ಹಾಕುವ ಮುಂಚೆ ಆ ಆರು ತಿಂಗಳ ವಿಷಯ ಕೇಳಿ

ನಮ್ಮ ಮನೆಯಲ್ಲಿ ಹದಿನಾಲ್ಕು ಮೆಟ್ಟಿಲು. ಮಲಗುವ ಕೋಣೆ ಮಹಡಿ ಮೇಲೆ. ಮನೆ ಕೊಂಡಾಗ ಯಾರೂ ಎಣಿಸಿರಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ಮನೆಯವರು ಗ್ಯಾರೇಜಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಎಣಿಸಿದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ನಾನು ಹೇಳಬೇಕಾಗಿರುವುದು ಅದಾದ ಮೇಲಿನ ಕಥೆ. ನಾವಿರುವುದು ಟೆಕ್ಸಸ್‌ನಲ್ಲಿ, ಡಾಲಸ್ ಹತ್ತಿರ. ನಮ್ಮ ಜೊತೆ ತೊಂಬತ್ತರ ದಶಕದಲ್ಲಿ ಬೆಂಗಳೂರು, ಮೈಸೂರು ಬಿಟ್ಟು ಬಂದವರಿಗೆಲ್ಲ ಈಗ ಒಬ್ಬೊಬ್ಬರಾಗಿ ಅರವತ್ತೈದು ತುಂಬುತ್ತಿದೆ. ಆ ವಯಸ್ಸಿಗೆ ಇಲ್ಲಿನ ಸರ್ಕಾರ ಕೊಡುವ ಆರೋಗ್ಯ ವಿಮೆಯೇ ಮೆಡಿಕೇರ್. ಅದರ ಪ್ಲಾನ್ ಮಾರುವವರ ಬಣ್ಣ ಬಣ್ಣದ ಲಕೋಟೆಗಳು ಎಲ್ಲರ ಮನೆಗೂ ಬರುತ್ತಿವೆ. ನಾವು ಮಾಡಿದ ತಪ್ಪನ್ನು ನೀವು ಮಾಡಬೇಡಿ ಅಂತ ಇಷ್ಟು ಉದ್ದ ಬರೆಯುತ್ತಿದ್ದೇನೆ.

2021ರ ಜೂನ್‌ನಲ್ಲಿ ಇವರಿಗೆ ಅರವತ್ತೈದು ತುಂಬಿತು, ಅದೇ ತಿಂಗಳು ರಿಟೈರ್ ಆದರು. ಹತ್ತು ವರ್ಷಕ್ಕಿಂತ ಜಾಸ್ತಿ ಇಲ್ಲಿ ದುಡಿದು ತೆರಿಗೆ ಕಟ್ಟಿದ್ದರಿಂದ ಆಸ್ಪತ್ರೆಯ ಖರ್ಚು ನೋಡುವ ಪಾರ್ಟ್ ಎ ಪುಕ್ಕಟೆ ಬಂತು. ಡಾಕ್ಟರ ಖರ್ಚಿನ ಪಾರ್ಟ್ ಬಿಗೆ ಆಗ ತಿಂಗಳಿಗೆ 148.50 ಡಾಲರ್. ಇಲ್ಲಿಯವರೆಗೆ ಎಲ್ಲರಿಗೂ ಒಂದೇ ದಾರಿ. ಇದಾದ ಮೇಲೆ ದಾರಿ ಎರಡಾಗುತ್ತದೆ. ಅದು ನಮಗೆ ಗೊತ್ತಿರಲಿಲ್ಲ.

ಒಂದು ದಾರಿಯಲ್ಲಿ ನೀವು ಸರ್ಕಾರದ ಒರಿಜಿನಲ್ ಮೆಡಿಕೇರ್‌ನಲ್ಲೇ ಇರುತ್ತೀರಿ. ಅದು ಡಾಕ್ಟರ ಬಿಲ್ಲಿನ ನೂರಕ್ಕೆ ಎಂಬತ್ತು ಕೊಡುತ್ತದೆ. ಉಳಿದ ಇಪ್ಪತ್ತು ನಿಮ್ಮದು, ಅದಕ್ಕೆ ಮಿತಿಯೇ ಇಲ್ಲ. ಒಂದು ಲಕ್ಷ ಡಾಲರ್ ಬಿಲ್ ಆದರೆ ಇಪ್ಪತ್ತು ಸಾವಿರ ಕೈಯಿಂದ. ಆ ತೂತು ಮುಚ್ಚಲು ಮೆಡಿಗ್ಯಾಪ್ ಅಂತ ಇನ್ನೊಂದು ಪಾಲಿಸಿ ತಗೋಬೇಕು, ಔಷಧಿಗೆ ಪಾರ್ಟ್ ಡಿ ಬೇರೆ. ಎರಡನೇ ದಾರಿ ಅಡ್ವಾಂಟೇಜ್. ಖಾಸಗಿ ಕಂಪನಿಯೊಂದು ಎಲ್ಲವನ್ನೂ ಒಂದೇ ಕಾರ್ಡಿನಲ್ಲಿ ಕಟ್ಟಿ ಕೊಡುತ್ತದೆ. ಅದರಲ್ಲಿ ಅವರ ನೆಟ್‌ವರ್ಕ್, ಅಂದರೆ ಅವರು ಗೊತ್ತು ಮಾಡಿದ ಡಾಕ್ಟರು, ಆಸ್ಪತ್ರೆಗಳು. ಅವರದೇ ಅನುಮತಿ.

ನಮಗೆ ಇದನ್ನು ವಿವರಿಸಿದ್ದು ನಮ್ಮವನೇ ಒಬ್ಬ ಏಜೆಂಟ್. ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಪರಿಚಯವಾದ ಹುಡುಗ, ಅಂಕಲ್ ಆಂಟಿ ಅಂತ ಚೆನ್ನಾಗಿ ಮಾತಾಡುತ್ತಿದ್ದ. ಇಂಗ್ಲಿಷ್ ಕಾಗದ ಓದಿ ತಲೆ ಕೆಟ್ಟಿದ್ದ ನಮಗೆ ಕನ್ನಡದಲ್ಲಿ ಹೇಳುವವನೊಬ್ಬ ಸಿಕ್ಕಿದ್ದೇ ಪುಣ್ಯ ಅನ್ನಿಸಿತು. ಮನೆಗೆ ಬಂದ. ಬಿಸಿಬೇಳೆ ಬಾತ್ ತಿಂದು, ತಟ್ಟೆ ಪಕ್ಕಕ್ಕೆ ಸರಿಸಿ ಟ್ಯಾಬ್ಲೆಟ್ ತೆರೆದ. "ಪ್ರೀಮಿಯಂ ಸೊನ್ನೆ ಅಂಕಲ್. ಹಲ್ಲು, ಕನ್ನಡಕ, ಜಿಮ್ ಎಲ್ಲ ಸೇರಿದೆ. ಮೂರು ತಿಂಗಳಿಗೊಮ್ಮೆ ಸಾಮಾನು ತಗೊಳ್ಳೋಕೆ ಕಾರ್ಡ್ ಬೇರೆ." ನಾನು ಲೋಟಕ್ಕೆ ಕಾಫಿ ಬಗ್ಗಿಸುವಷ್ಟರಲ್ಲಿ ಇವರು ಬೆರಳಿನಲ್ಲೇ ಸಹಿ ಹಾಕಿ ಆಗಿತ್ತು.

ಅವನು ಸುಳ್ಳು ಹೇಳಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಹೇಳಿದ್ದೆಲ್ಲ ನಿಜ. ಸಾಮಾನಿನ ಕಾರ್ಡ್ ಕೂಡ ಬಂತು, ಆದರೆ ನಮ್ಮ ಇಂಡಿಯನ್ ಅಂಗಡಿಯಲ್ಲಿ ನಡೆಯಲಿಲ್ಲ. ತೊಗರಿಬೇಳೆ, ಸೋನಾ ಮಸೂರಿ ಹಿಡಿದು ಕೌಂಟರ್‌ನಲ್ಲಿ ನಿಂತು ಪೆಚ್ಚಾಗಿ ನಗುತ್ತಾ ಕೈದುಡ್ಡು ಕೊಟ್ಟು ಬಂದೆವು. ಆಮೇಲೆ ಅದರಲ್ಲಿ ಟೂತ್‌ಪೇಸ್ಟು, ನೋವಿನ ಮುಲಾಮು ತಂದಿದ್ದೇ ತಂದಿದ್ದು. ಮೂರು ವರ್ಷ ಯಾವ ತಕರಾರೂ ಇಲ್ಲ. ವರ್ಷಕ್ಕೆರಡು ಸಲ ಡಾಕ್ಟರ್, ಸಕ್ಕರೆ ಕಾಯಿಲೆಯ ಔಷಧಿ, ಅಷ್ಟೆ. ಮಳೆ ಬರುವವರೆಗೆ ಎಲ್ಲರ ಸೂರೂ ಗಟ್ಟಿಯೇ ಅಲ್ವಾ. 2023ರ ಕೊನೆಗೆ ಹೃದಯಕ್ಕೆ ಒಂದು ಸ್ಟೆಂಟ್ ಬಿತ್ತು. ಆಗಲೂ ದೇವರ ದಯೆ, ನೆಟ್‌ವರ್ಕ್ ಆಸ್ಪತ್ರೆಯೇ ಸಿಕ್ಕಿತು.

ಸೊಂಟದ ಆಪರೇಷನ್ ಮಾಡಿದ ಸರ್ಜನ್, ಇವರನ್ನು ರಿಹ್ಯಾಬ್ ಆಸ್ಪತ್ರೆಗೆ ಕಳಿಸಬೇಕು ಅಂದರು. ಅಲ್ಲಿ ದಿನಕ್ಕೆ ಮೂರು ಗಂಟೆ ಫಿಸಿಯೋಥೆರಪಿ ಕೊಟ್ಟು ಬೇಗ ಎಬ್ಬಿಸಿ ನಿಲ್ಲಿಸುತ್ತಾರೆ. ಒರಿಜಿನಲ್ ಮೆಡಿಕೇರ್‌ನಲ್ಲಿ ಇದಕ್ಕೆ ಮುಂಚೆಯೇ ಯಾರ ಅಪ್ಪಣೆಯೂ ಬೇಡ. ಅಡ್ವಾಂಟೇಜ್‌ನಲ್ಲಿ ಪ್ರಯರ್ ಆಥರೈಸೇಶನ್ ಬೇಕು. ಎರಡು ದಿನ ಕಾದೆವು. ಉತ್ತರ ಬಂತು: ರಿಹ್ಯಾಬ್ ಆಸ್ಪತ್ರೆ ಬೇಡ, ನರ್ಸಿಂಗ್ ಕೇಂದ್ರ ಸಾಕು. ಇವರನ್ನು ಒಂದು ಸಲವೂ ನೋಡದವರು ಯಾರೋ ಎಲ್ಲೋ ಕೂತು ಬರೆದ ಉತ್ತರ.

ನರ್ಸಿಂಗ್ ಕೇಂದ್ರಕ್ಕೆ ಹೋದೆವು. ದಿನಕ್ಕೆ ಒಂದು ಗಂಟೆ ವ್ಯಾಯಾಮ. ಹನ್ನೆರಡನೇ ದಿನ, ಗುರುವಾರ ಸಂಜೆ, ಒಬ್ಬಾಕೆ ಬಂದು ಎರಡು ಹಾಳೆ ಕೈಗಿಟ್ಟು ಸಹಿ ಕೇಳಿದಳು. ನಿಮ್ಮ ಪ್ಲಾನ್ ದುಡ್ಡು ಕೊಡುವುದು ಶನಿವಾರವೇ ಕೊನೆ ಅಂತ ಅದರಲ್ಲಿತ್ತು. ಅವತ್ತು ಬೆಳಗ್ಗೆ ಇವರು ವಾಕರ್ ಹಿಡಿದು ಬಾಗಿಲವರೆಗೆ ಆರು ಹೆಜ್ಜೆ ಇಟ್ಟಿದ್ದರು. ಏಳನೆಯದಕ್ಕೆ ಕೂತುಬಿಟ್ಟಿದ್ದರು. ಮನೆಯಲ್ಲಿ ಹದಿನಾಲ್ಕು ಮೆಟ್ಟಿಲು.

ಈ ಹಾಳೆ ನಿಮಗೂ ಬಂದರೆ ಸುಮ್ನೆ ಸಹಿ ಹಾಕಿ ಬ್ಯಾಗಿನಲ್ಲಿ ಇಟ್ಟುಕೊಳ್ಳಬೇಡಿ. ಸಹಿ ಹಾಕಿದರೆ ಒಪ್ಪಿದಂತಲ್ಲ, ಹಾಳೆ ಸಿಕ್ಕಿದೆ ಅಂತ ಅಷ್ಟೆ. ಅದರಲ್ಲೇ ಒಂದು ಫೋನ್ ನಂಬರ್ ಇರುತ್ತದೆ. ಅದು ಇನ್ಶೂರೆನ್ಸ್ ಕಂಪನಿಯದಲ್ಲ, ಮೆಡಿಕೇರ್ ನೇಮಿಸಿದ ಬೇರೆಯೇ ಸಂಸ್ಥೆಯದು. ಹಾಳೆಯಲ್ಲಿ ಕೊನೆಯ ದಿನ ಅಂತ ಬರೆದಿರುವ ತಾರೀಖಿನ ಹಿಂದಿನ ದಿನ ಮಧ್ಯಾಹ್ನ ಹನ್ನೆರಡರೊಳಗೆ ಫೋನ್ ಮಾಡಿ ಮೇಲ್ಮನವಿ ಹಾಕಬೇಕು. ನಾನು ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೇ ಮಾಡಿದೆ. ಮೊದಲ ಸಲ ಗೆದ್ದೆವು. ಎಂಟು ದಿನಕ್ಕೆ ಮತ್ತೆ ಅದೇ ಹಾಳೆ. ಎರಡನೇ ಸಲ ಸೋತೆವು. ಐದು ದಿನ ಕೈಯಿಂದ ದುಡ್ಡು ಕಟ್ಟಿ ಇರಿಸಿಕೊಂಡೆವು, ದಿನಕ್ಕೆ 340 ಡಾಲರ್. ಆಮೇಲೆ ಮನೆಗೆ ಕರಕೊಂಡು ಬಂದು ಕೆಳಗಿನ ಹಾಲ್‌ನಲ್ಲೇ ಮಂಚ ಹಾಕಿದೆವು.

ಇದು ನಮ್ಮ ಒಬ್ಬರ ಹಣೆಬರಹ ಅಂದುಕೊಂಡಿದ್ದೆ. ಅಲ್ಲವಂತೆ. 2022ರಲ್ಲಿ ಅಮೆರಿಕದ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯ ವರದಿ ಬಂದಿದೆ. ಅಡ್ವಾಂಟೇಜ್ ಪ್ಲಾನ್‌ಗಳು ಬೇಡ ಅಂದ ಪ್ರಯರ್ ಆಥರೈಸೇಶನ್ ಅರ್ಜಿಗಳ ಮಾದರಿಯನ್ನು ಅವರು ತೆಗೆದು ನೋಡಿದರು. ಅದರಲ್ಲಿ ನೂರಕ್ಕೆ 13 ಮೆಡಿಕೇರ್ ನಿಯಮದ ಪ್ರಕಾರ ಕೊಡಲೇಬೇಕಾಗಿದ್ದವು.

ಅಕ್ಟೋಬರ್ 15ರಿಂದ ಡಿಸೆಂಬರ್ 7ರವರೆಗೆ ಪ್ರತಿ ವರ್ಷ ಪ್ಲಾನ್ ಬದಲಿಸಬಹುದು. ಟಿವಿಯಲ್ಲಿ ಬೇಡ ಬೇಡ ಅಂದರೂ ಹೇಳುತ್ತಾರೆ. ಸರಿ, ಈ ಸಹವಾಸ ಬಿಟ್ಟು ಒರಿಜಿನಲ್‌ಗೆ ವಾಪಸ್ ಹೋಗೋಣ, ಮೆಡಿಗ್ಯಾಪ್ ತಗೊಳ್ಳೋಣ ಅಂತ ಕೂತೆ. ನಿಜವಾದ ಪೆಟ್ಟು ಬಿದ್ದಿದ್ದು ಇಲ್ಲಿ. ಒರಿಜಿನಲ್‌ಗೆ ವಾಪಸ್ ಹೋಗುವುದನ್ನು ಯಾರೂ ತಡೆಯುವುದಿಲ್ಲ. ಮೆಡಿಗ್ಯಾಪ್ ಕಂಪನಿ ಮಾತ್ರ ಆರೋಗ್ಯದ ಪ್ರಶ್ನೆ ಕೇಳುತ್ತದೆ. ಇನ್ಸುಲಿನ್ ತಗೋತೀರಾ? ಎರಡು ವರ್ಷದಲ್ಲಿ ಸ್ಟೆಂಟ್ ಹಾಕಿಸಿದ್ದೀರಾ? ಈಚೆಗೆ ಆಸ್ಪತ್ರೆಯಲ್ಲಿ ಇದ್ರಾ? ಹೌದು, ಹೌದು, ಹೌದು. ಮೂರು ಕಂಪನಿಗೆ ಅರ್ಜಿ ಹಾಕಿದೆವು. ಮೂರೂ ಇಲ್ಲ ಅಂದವು.

ಆಮೇಲೆ ಯಾರೋ ಹೇಳಿದರು ಅಂತ ಹಿಕ್ಯಾಪ್‌ಗೆ ಫೋನ್ ಮಾಡಿದೆ. ಮೆಡಿಕೇರ್ ಬಗ್ಗೆ ಸಲಹೆ ಕೊಡುವ ಸರ್ಕಾರಿ ಸೇವೆ ಅದು. ಟೆಕ್ಸಸ್‌ನಲ್ಲಿ ಅದರ ಹೆಸರು ಹಾಗೆ, ಸಾಮಾನ್ಯವಾಗಿ ಶಿಪ್ ಅಂತಾರೆ. ಪ್ರತಿ ರಾಜ್ಯದಲ್ಲೂ ಇದೆ. ಪೂರ್ತಿ ಪುಕ್ಕಟೆ, ಏನನ್ನೂ ಮಾರುವುದಿಲ್ಲ. ಆ ಕಡೆ ವಯಸ್ಸಾದ ಒಬ್ಬ ಅಮೆರಿಕನ್ ಹೆಂಗಸು, ತಾಳ್ಮೆ ಅಂದರೆ ತಾಳ್ಮೆ. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: ನಿಮ್ಮವರ ಪಾರ್ಟ್ ಬಿ ಶುರುವಾಗಿದ್ದು ಯಾವಾಗ?

ಅರವತ್ತೈದು ತುಂಬಿ ಪಾರ್ಟ್ ಬಿ ಶುರುವಾದ ದಿನದಿಂದ ಆರು ತಿಂಗಳು, ಯಾವ ಮೆಡಿಗ್ಯಾಪ್ ಕಂಪನಿಯೂ ಕಾಯಿಲೆ ನೋಡಿ ಇಲ್ಲ ಅನ್ನುವಂತಿಲ್ಲ, ದರ ಜಾಸ್ತಿ ಮಾಡುವಂತಿಲ್ಲ. ನಮಗೆ ಅದು 2021ರ ನವೆಂಬರ್‌ಗೆ ಮುಗಿದಿತ್ತು. ಅರವತ್ತೈದಕ್ಕೆ ನೇರ ಅಡ್ವಾಂಟೇಜ್ ಸೇರಿದವರಿಗೆ ಇನ್ನೊಂದು ಅವಕಾಶವೂ ಇದೆ. ಮೊದಲ ಹನ್ನೆರಡು ತಿಂಗಳಲ್ಲಿ ಬೇಡ ಅನ್ನಿಸಿದರೆ ಬಿಟ್ಟು ಬಂದು, ಪ್ರಶ್ನೆ ಇಲ್ಲದೆ ಮೆಡಿಗ್ಯಾಪ್ ತಗೋಬಹುದು. ಅದೂ 2022ರ ಮೇಗೆ ಮುಗಿದಿತ್ತು. ಆ ಮೇ ತಿಂಗಳಲ್ಲಿ ನಾವು ಮಾವಿನಕಾಯಿ ಉಪ್ಪಿನಕಾಯಿ ಹಾಕುತ್ತಿದ್ದೆವು. ಆ ಬಾಗಿಲು ಮುಚ್ಚಿದ್ದು ನಮಗೆ ಕೇಳಿಸಲೇ ಇಲ್ಲ. ನ್ಯೂಯಾರ್ಕ್, ಕನೆಕ್ಟಿಕಟ್, ಮ್ಯಾಸಚೂಸೆಟ್ಸ್, ಮೇನ್ ರಾಜ್ಯದವರಿಗೆ ನಿಯಮ ಸ್ವಲ್ಪ ಸಡಿಲ. ಟೆಕ್ಸಸ್‌ನಲ್ಲಿ ಹಾಗಿಲ್ಲ.

ಅಡ್ವಾಂಟೇಜ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ತಿಂಗಳಿಗೆ ನೂರೈವತ್ತು ಡಾಲರ್ ಜಾಸ್ತಿ ಕಟ್ಟಲು ಆಗದವರಿಗೆ ಅದೇ ಆಸರೆ, ಕೈಯಿಂದ ಹೋಗುವುದಕ್ಕೆ ವರ್ಷಕ್ಕಿಷ್ಟೇ ಅಂತ ಮಿತಿಯಾದರೂ ಇದೆ. ನನ್ನ ಸಿಟ್ಟು ಬೇರೆ. ವರ್ಷ ವರ್ಷ ಬದಲಿಸಬಹುದು ಅನ್ನುವುದನ್ನು ಸಾರಿ ಸಾರಿ ಹೇಳುವವರು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಿಸುವುದು ಒಂದು ವಯಸ್ಸಾದ ಮೇಲೆ ಸುಲಭವಲ್ಲ ಅನ್ನುವುದನ್ನು ಹೇಳುವುದೇ ಇಲ್ಲ. ಏಜೆಂಟರಿಗೆ ಕಂಪನಿಯಿಂದ ಕಮಿಷನ್ ಇದೆ ಅನ್ನುವುದೂ ನಮಗೆ ಹೊಳೆದಿರಲಿಲ್ಲ. ಒಬ್ಬರನ್ನು ಅಡ್ವಾಂಟೇಜ್‌ಗೆ ಹೊಸದಾಗಿ ಸೇರಿಸಿದರೆ 2025ರಲ್ಲಿ ಹೆಚ್ಚಿನ ರಾಜ್ಯಗಳಲ್ಲಿ 626 ಡಾಲರ್‌ವರೆಗೆ ಸಿಗುತ್ತಿತ್ತು. ತಗೊಳ್ಳಲಿ, ಅದು ಅವರ ಹೊಟ್ಟೆಪಾಡು. ಆದರೆ ಪುಕ್ಕಟೆ ಸಲಹೆ ಅಂದುಕೊಂಡು ನಾವು ಬಿಸಿಬೇಳೆ ಬಾತ್ ಬಡಿಸಿದ್ದೆವು.

ನನಗೆ ಅರವತ್ತೈದು ತುಂಬಿದ್ದು 2025ರಲ್ಲಿ. ಈ ಸಲ ಹಿಕ್ಯಾಪ್‌ಗೇ ಮೊದಲು ಫೋನ್. ಮೆಡಿಗ್ಯಾಪ್‌ನಲ್ಲಿ ಪ್ಲಾನ್ ಜಿ ತಗೊಂಡೆ, ತಿಂಗಳಿಗೆ 140 ಡಾಲರ್ ಚಿಲ್ಲರೆ. ಪಾರ್ಟ್ ಬಿ, ಪಾರ್ಟ್ ಡಿ ಬೇರೆ. ಹಲ್ಲಿಗೆ, ಕನ್ನಡಕಕ್ಕೆ ನನ್ನದೇ ದುಡ್ಡು. ನೋವಾಗುತ್ತದೆ, ಇಲ್ಲ ಅನ್ನಲ್ಲ. ಪ್ಲಾನ್ ಜಿಯಲ್ಲಿ ಊರಿಗೆ ಹೋದಾಗಿನ ತುರ್ತು ಚಿಕಿತ್ಸೆಗೂ ಸ್ವಲ್ಪ ಸಿಗುತ್ತದೆ. ಮೊದಲ 250 ಡಾಲರ್ ನಮ್ಮದು, ಆಮೇಲೆ ನೂರಕ್ಕೆ ಎಂಬತ್ತು ಅವರದು, ಜೀವಮಾನಕ್ಕೆ 50,000 ಡಾಲರ್ ಮಿತಿ. ಆದರೆ ಪ್ರಯಾಣದ ಮೊದಲ 60 ದಿನದಲ್ಲಿ ಆದ ತೊಂದರೆಗೆ ಮಾತ್ರ. ನಾವು ಮೈಸೂರಿಗೆ ಹೋದರೆ ಮೂರು ತಿಂಗಳು ಇರುತ್ತೇವೆ. ಮೂರನೇ ತಿಂಗಳು ಚಾಮುಂಡಿಯೇ ಕಾಯಬೇಕು.

ಇನ್ನೊಂದು ಮಾತು, ನಮ್ಮ ಸ್ನೇಹಿತರೊಬ್ಬರು ಬಿದ್ದ ಹಳ್ಳ. ಕೆಲಸ ಬಿಟ್ಟ ಮೇಲೆ ಕಂಪನಿಯ ಕೋಬ್ರಾ ಇನ್ಶೂರೆನ್ಸ್ ಹದಿನೆಂಟು ತಿಂಗಳು ಇದೆಯಲ್ಲ, ಆಮೇಲೆ ಪಾರ್ಟ್ ಬಿ ತಗೊಂಡರಾಯಿತು ಅಂದುಕೊಂಡರು. ಮೆಡಿಕೇರ್ ಲೆಕ್ಕದಲ್ಲಿ ಕೋಬ್ರಾ ಕೆಲಸದ ಇನ್ಶೂರೆನ್ಸ್ ಅಲ್ಲ. ಕೆಲಸ ನಿಂತು ಎಂಟು ತಿಂಗಳೊಳಗೆ ಪಾರ್ಟ್ ಬಿ ತಗೋಬೇಕು. ತಡಮಾಡಿದರೆ ಪ್ರತಿ ಪೂರ್ತಿ ಹನ್ನೆರಡು ತಿಂಗಳಿಗೆ ಪ್ರೀಮಿಯಂ ಮೇಲೆ ನೂರಕ್ಕೆ ಹತ್ತು ದಂಡ, ಅದೂ ಪಾರ್ಟ್ ಬಿ ಇರುವವರೆಗೂ.

ಊರಿಂದ ಗ್ರೀನ್ ಕಾರ್ಡ್ ಮೇಲೆ ಅಪ್ಪ ಅಮ್ಮನನ್ನು ಕರೆಸಿಕೊಂಡವರೂ ಕೇಳುತ್ತಿರುತ್ತೀರಿ. ಐದು ವರ್ಷ ಸತತವಾಗಿ ಇಲ್ಲಿ ಇದ್ದ ಮೇಲೆ ಅವರೂ ಸೇರಬಹುದು. ಇಲ್ಲಿ ದುಡಿದಿಲ್ಲದ್ದರಿಂದ ಪಾರ್ಟ್ ಎಗೂ ದುಡ್ಡು ಕಟ್ಟಬೇಕು. 2026ರಲ್ಲಿ ತಿಂಗಳಿಗೆ 565 ಡಾಲರ್, ಪಾರ್ಟ್ ಬಿಗೆ 202.90, ಒಬ್ಬೊಬ್ಬರಿಗೆ. ಮೊದಲೇ ಲೆಕ್ಕ ಹಾಕಿಕೊಳ್ಳಿ.

ಕಳೆದ ವರ್ಷ ಆ ಹುಡುಗನೇ ಫೋನ್ ಮಾಡಿದ್ದ. "ಆಂಟಿ, ನಿಮಗೂ ಅರವತ್ತೈದು ಆಯ್ತಲ್ವಾ?" ಅಂದ. ಅಂಕಲ್ ವಿಷಯ ಹೇಳಿದೆ. ನಿಜಕ್ಕೂ ನೊಂದುಕೊಂಡ ಅನ್ನಿಸಿತು. ಆರು ತಿಂಗಳ ವಿಷಯ ಅವತ್ತು ಯಾಕಪ್ಪಾ ಹೇಳಲಿಲ್ಲ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಕೇಳಲಿಲ್ಲವಲ್ಲ ಆಂಟಿ," ಅಂದ.

ಮೊನ್ನೆ ಭಾನುವಾರ ಪಕ್ಕದ ಬೀದಿಯ ದಂಪತಿ ಬಂದಿದ್ದರು. ಅವರ ಯಜಮಾನರಿಗೆ ಬರುವ ಜುಲೈಗೆ ಅರವತ್ತೈದು. ಇನ್ನೂ ಟೈಮ್ ಇದೆ ಬಿಡಿ ಅಂದರು. ಅವರು ಬೇಡ ಅಂದರೂ ಅಡುಗೆಮನೆಯ ಗೋಡೆಯಿಂದ ಪಂಚಾಂಗದ ಕ್ಯಾಲೆಂಡರ್ ಇಳಿಸಿ ತಂದೆ. ಜುಲೈ ಒಂದರಿಂದ ಡಿಸೆಂಬರ್ ಮೂವತ್ತೊಂದರವರೆಗೆ, ಏಕಾದಶಿ ಅಮಾವಾಸ್ಯೆಗಳ ಮೇಲೆಯೇ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಅವರ ಕೈಗೆ ಕೊಟ್ಟು ಕಳಿಸಿದೆ. ನನಗೀಗ ಹಬ್ಬ ಯಾವತ್ತು ಅಂತ ಫೋನಿನಲ್ಲಿ ನೋಡಿಕೊಳ್ಳಬೇಕು.