ಚಿಯಾಂಗ್ ಮಾಯ್, ಜಾರ್ಜ್ ಟೌನ್, ಡಾ ನಾಂಗ್: ಬೆಳಗಿನ ಲೆಕ್ಕದಲ್ಲಿ ಮೂರು ಊರುಗಳು

ಡಾ ನಾಂಗ್‌ನ ಮಿ ಖೇ ಕಡಲತೀರದಲ್ಲಿ ಬೆಳಿಗ್ಗೆ ಐದು ಇಪ್ಪತ್ತಕ್ಕೆ ಅರ್ಧ ಊರೇ ನೀರಿಗಿಳಿದಿರುತ್ತದೆ. ಹೂವಿನ ಚಿತ್ತಾರದ ಟೋಪಿ ತೊಟ್ಟ ಅಜ್ಜಿಯರು ಎದೆಮಟ್ಟದ ನೀರಿನಲ್ಲಿ ದುಂಡಗೆ ನಿಂತು ಹರಟುತ್ತಿರುತ್ತಾರೆ. ಮೀನುಗಾರರು ಬಿದಿರಿನ ದುಂಡು ದೋಣಿಗಳನ್ನು ಮರಳಿನ ಮೇಲೆ ಎಳೆದು ತಂದು ಬಲೆ ಬಿಡಿಸುತ್ತಿರುತ್ತಾರೆ. ನಮ್ಮ ಹಂಪಿಯ ಹರಿಗೋಲನ್ನು ಸಮುದ್ರಕ್ಕೆ ಬಿಟ್ಟಂತೆ ಕಾಣುತ್ತವೆ ಆ ದೋಣಿಗಳು. ಬೆಂಗಳೂರಿನಲ್ಲಿ ಆಗ ಗಂಟೆ ಮೂರು ಐವತ್ತು. ನನ್ನ ಕಚೇರಿಯ ಮೊದಲ ಮೀಟಿಂಗಿಗೆ ಐದೂವರೆ ಗಂಟೆಗಿಂತಲೂ ಹೆಚ್ಚು ಹೊತ್ತು ಉಳಿದಿರುತ್ತದೆ.

ಬೆಂಗಳೂರಿನ ಸಂಸ್ಥೆಯೊಂದಕ್ಕೆ ಸಾಫ್ಟ್‌ವೇರ್ ಕೈಪಿಡಿಗಳನ್ನು ಬರೆದುಕೊಡುವುದು ನನ್ನ ಕೆಲಸ. ಲ್ಯಾಪ್‌ಟಾಪ್ ಮತ್ತು ಇಂಟರ್ನೆಟ್ ಇದ್ದರೆ ಎಲ್ಲಿ ಕುಳಿತಾದರೂ ಮಾಡಬಹುದು. ಹಾಗಾಗಿ ಒಂದು ವರ್ಷದಲ್ಲಿ ಮೂರು ಊರುಗಳಲ್ಲಿ ಇದ್ದು ನೋಡಿದೆ: ಡಿಸೆಂಬರ್‌ನಿಂದ ಮಾರ್ಚ್ ಮಧ್ಯದವರೆಗೆ ಥಾಯ್ಲೆಂಡಿನ ಚಿಯಾಂಗ್ ಮಾಯ್, ಏಪ್ರಿಲ್‌ನಿಂದ ಜೂನ್‌ವರೆಗೆ ಮಲೇಷ್ಯಾದ ಪೆನಾಂಗ್ ದ್ವೀಪದ ಜಾರ್ಜ್ ಟೌನ್, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ವಿಯೆಟ್ನಾಂನ ಡಾ ನಾಂಗ್. ಹೊರಡುವಾಗ ಬಾಡಿಗೆ, ಊಟ, ಇಂಟರ್ನೆಟ್ ವೇಗ ಇವನ್ನೇ ಹೋಲಿಸಬೇಕೆಂದುಕೊಂಡಿದ್ದೆ. ಆದರೆ ಈ ಊರುಗಳು ನನಗೆ ಕೊಟ್ಟ ದೊಡ್ಡ ಸಂಪತ್ತು ಬೆಳಗಿನ ಹೊತ್ತು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಮುಂದಿರುವುದರಿಂದ ಬೆಂಗಳೂರು ಕಣ್ಣುಬಿಡುವ ಮೊದಲು ದಿನದ ಒಂದು ದೊಡ್ಡ ಪಾಲು ಪೂರ್ತಿ ನಮ್ಮದಾಗಿರುತ್ತದೆ. ಅದನ್ನು ಯಾವ ಊರು ಹೇಗೆ ತುಂಬಿಕೊಟ್ಟಿತು ಎನ್ನುವುದೇ ನನ್ನ ಅಳತೆಗೋಲು.

ಬಾಡಿಗೆಯ ಮಾತನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ವ್ಯತ್ಯಾಸ ಅಷ್ಟೇನಿಲ್ಲ. ಚಿಯಾಂಗ್ ಮಾಯ್‌ನಲ್ಲಿ ಅಡುಗೆಮೂಲೆ ಇದ್ದ ಒಂದು ಕೋಣೆಗೆ ತಿಂಗಳಿಗೆ 9,000 ಬಾತ್ ಕೊಟ್ಟೆ, ಡಾ ನಾಂಗ್‌ನಲ್ಲಿ ಅಂಥದ್ದಕ್ಕೇ 80 ಲಕ್ಷ ಡಾಂಗ್, ಜಾರ್ಜ್ ಟೌನ್‌ನಲ್ಲಿ ಪ್ರತ್ಯೇಕ ಮಲಗುವ ಕೋಣೆಯಿದ್ದ ಮನೆಗೆ 1,500 ರಿಂಗಿಟ್. ರೂಪಾಯಿಗೆ ತಂದರೆ ಇಪ್ಪತ್ತೆರಡು ಸಾವಿರದಿಂದ ಮೂವತ್ತೆರಡು ಸಾವಿರದ ನಡುವಿನ ಲೆಕ್ಕ. ಒಂದೇ ಎಚ್ಚರಿಕೆ: ಚಿಯಾಂಗ್ ಮಾಯ್‌ನಲ್ಲಿ ಎಷ್ಟೋ ಕಟ್ಟಡದ ಮಾಲೀಕರು ವಿದ್ಯುತ್ತಿಗೆ ಸರ್ಕಾರಿ ದರಕ್ಕಿಂತ ಹೆಚ್ಚು ಹಾಕುತ್ತಾರೆ. ನನ್ನ ಕಟ್ಟಡದಲ್ಲಿ ಯೂನಿಟ್ಟಿಗೆ 8 ಬಾತ್ ಇತ್ತು. ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳಿ.

ವೀಸಾ ವಿಷಯದಲ್ಲಿ ಮಾತ್ರ ಮೂರೂ ದೇಶಗಳ ದಾರಿ ಬೇರೆ ಬೇರೆ. ಥಾಯ್ಲೆಂಡ್ 2024ರ ಜುಲೈನಲ್ಲಿ ಡಿಟಿವಿ ಎಂಬ ಐದು ವರ್ಷದ ವೀಸಾ ತಂದಿತು. ಒಮ್ಮೆ ಒಳಬಂದರೆ 180 ದಿನ ಇರಬಹುದು. ಅದಕ್ಕೆ ಖಾತೆಯಲ್ಲಿ 5 ಲಕ್ಷ ಬಾತ್ ಇರುವುದನ್ನೂ ದೂರದಿಂದ ಮಾಡುವ ಕೆಲಸವೊಂದು ಇರುವುದನ್ನೂ ತೋರಿಸಬೇಕು. ಮಲೇಷ್ಯಾದಲ್ಲಿ ದೂರದಿಂದ ಕೆಲಸ ಮಾಡುವವರಿಗೆಂದೇ 2022ರಿಂದ ಡಿಇ ರಂತಾವ್ ಪಾಸ್ ಇದೆ. ತಂತ್ರಜ್ಞಾನದ ಕೆಲಸದವರಿಗೆ ವರ್ಷಕ್ಕೆ 24,000 ಡಾಲರ್ ವರಮಾನ ಬೇಕು. ವಿಯೆಟ್ನಾಂನಲ್ಲಿ ನಮ್ಮಂಥವರಿಗೆಂದು ಪ್ರತ್ಯೇಕ ವೀಸಾ ಇಲ್ಲ. 2023ರ ಆಗಸ್ಟ್‌ನಿಂದ ಕೊಡುತ್ತಿರುವ 90 ದಿನಗಳ ಇ-ವೀಸಾದಲ್ಲಿಯೇ ಎಲ್ಲರೂ ಬರುತ್ತಾರೆ. ಅಲ್ಲಿನ ಕಂಪನಿಯಲ್ಲಿ ದುಡಿಯಲು ಅದು ಅನುಮತಿಯಲ್ಲ. ಇ-ವೀಸಾ ಅರ್ಜಿಯಲ್ಲಿ ಕನ್ನಡಿಗರು ಎಡವುವುದು ಹೆಸರಿನಲ್ಲಿ. ನಮ್ಮಲ್ಲಿ ಒಬ್ಬರ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದಿರುತ್ತದೆ, ಇನ್ನೊಬ್ಬರದರಲ್ಲಿ ಉಪನಾಮದ ಜಾಗವೇ ಖಾಲಿ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಇರುವುದನ್ನು ಅಕ್ಷರಕ್ಕೆ ಅಕ್ಷರ ಹಾಗೆಯೇ ತುಂಬಬೇಕು. ನಾನು ಒಂದು ಅಕ್ಷರ ತಪ್ಪಿ, ಮತ್ತೊಮ್ಮೆ ಶುಲ್ಕ ಕಟ್ಟಿ ಹೊಸ ಅರ್ಜಿ ಹಾಕಬೇಕಾಯಿತು.

ಇನ್ನು ಚಿಯಾಂಗ್ ಮಾಯ್. 1296ರಲ್ಲಿ ರಾಜ ಮಂಗ್‌ರಾಯ್ ಕಟ್ಟಿಸಿದ ಊರು. ಹಳೆಯ ನಗರದ ಸುತ್ತ ಚೌಕಾಕಾರದ ಕಂದಕದಲ್ಲಿ ಇಂದಿಗೂ ನೀರಿದೆ. ಕೂತು ಕೆಲಸ ಮಾಡಲು ಇದಕ್ಕಿಂತ ಒಳ್ಳೆಯ ಊರನ್ನು ನಾನು ಕಂಡಿಲ್ಲ. ನಿಮ್ಮನ್ ರಸ್ತೆಯ ಆಸುಪಾಸಿನಲ್ಲಿ ಹೆಜ್ಜೆಗೊಂದು ಕಾಫಿ ಅಂಗಡಿ, ಪ್ರತಿ ಮೇಜಿಗೂ ಪ್ಲಗ್ಗು. ಎರಡು ಗಂಟೆ ಕುಳಿತರೂ ಏಳಿ ಎಂದು ಯಾರೂ ಸೂಚಿಸುವುದಿಲ್ಲ. ವಿಮಾನ ನಿಲ್ದಾಣ ಊರಿಗೆ ಅಂಟಿಕೊಂಡೇ ಇರುವುದರಿಂದ ವಿಮಾನಗಳು ನೆತ್ತಿಯ ಮೇಲೆಯೇ ಹಾದುಹೋಗುತ್ತವೆ, ಆಗ ಫೋನಿನಲ್ಲಿ ಅರ್ಧ ನಿಮಿಷ ಮಾತು ನಿಲ್ಲಿಸಬೇಕಾಗುತ್ತದೆ. ಅಷ್ಟೇ ತೊಂದರೆ.

ಸಸ್ಯಾಹಾರಿಗಳಿಗೆ ಅಲ್ಲಿ ಒಂದೇ ಪದ ಸಾಕು: ಜೇ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಅದನ್ನು ಬರೆದಿರುವ ಅಂಗಡಿಯಲ್ಲಿ ಮೀನಿನ ರಸವೂ ಇಲ್ಲ, ಬೆಳ್ಳುಳ್ಳಿ ಈರುಳ್ಳಿಯೂ ಇಲ್ಲ. ನಮ್ಮ ಮಠದ ಪಂಕ್ತಿಯಲ್ಲಿ ಕುಳಿತಷ್ಟು ನಿಶ್ಚಿಂತೆಯಿಂದ ಉಣ್ಣಬಹುದು. ಖಾವ್ ಸೋಯ್ ಎಂಬ ತೆಂಗಿನಹಾಲಿನ ನೂಡಲ್ ಸಾರನ್ನು ಜೇ ಅಂಗಡಿಯಲ್ಲಿ ಮೊದಲ ಸಲ ಉಂಡ ದಿನ ಎರಡನೆಯ ಬಟ್ಟಲನ್ನೂ ಕೇಳಿದೆ.

ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದಿದೆ, ಆದ್ದರಿಂದ ಬೆಂಗಳೂರಿನ ಒಂಬತ್ತೂವರೆಯ ನನ್ನ ಕೆಲಸ ಅಲ್ಲಿ ಶುರುವಾಗುತ್ತಿದ್ದುದು ಹನ್ನೊಂದಕ್ಕೆ. ಚಳಿಗಾಲದಲ್ಲಿ ಸೂರ್ಯ ಹುಟ್ಟುವುದು ಏಳರ ಸುಮಾರಿಗೆ. ನಡುವಿನ ನಾಲ್ಕು ಗಂಟೆಗಳನ್ನು ನಾನು ವಾಟ್ ಫಾ ಲಾಟ್ ಗುಡಿಗೆ ಹತ್ತುವ ಕಾಡುಹಾದಿಗೆ ಕೊಟ್ಟೆ. ವಿಶ್ವವಿದ್ಯಾಲಯದ ಹಿಂದಿನಿಂದ ದೊಯಿ ಸುಥೇಪ್ ಬೆಟ್ಟವನ್ನು ಏರುವ ಆ ದಾರಿ ತಪ್ಪದಂತೆ ಮರಗಳಿಗೆ ಭಿಕ್ಷುಗಳ ಕಾವಿಬಟ್ಟೆಯ ಪಟ್ಟಿಗಳನ್ನು ಸುತ್ತಿರುತ್ತಾರೆ. ಒಂದು ಗಂಟೆಯೊಳಗೆ ಗುಡಿ. ಪಾಚಿಗಟ್ಟಿದ ಮೆಟ್ಟಿಲು, ಬಂಡೆಯ ಮೇಲೆ ಜಾರುವ ತೊರೆ, ಕೆಳಗೆ ಮಂಜಿನಲ್ಲಿ ಅದ್ದಿದ ಊರು. ತೀರ್ಥಹಳ್ಳಿ ಕಡೆಯವಳಾದ ನನಗೆ ಅದು ಪರದೇಶ ಅನ್ನಿಸಲೇ ಇಲ್ಲ.

ಫೆಬ್ರವರಿಯಲ್ಲಿ ಇದೆಲ್ಲ ಕೈತಪ್ಪಲು ತೊಡಗಿತು. ಸುತ್ತಲಿನ ಗುಡ್ಡಗಳಲ್ಲಿ ಜೋಳದ ಕೂಳೆಗೆ, ಕಾಡಿಗೆ ಬೆಂಕಿ ಬೀಳುವ ಕಾಲ ಅದು. ಗಡಿಯಾಚೆಯ ಮ್ಯಾನ್ಮಾರ್, ಲಾವೋಸ್‌ಗಳ ಹೊಗೆಯೂ ಸೇರುತ್ತದೆ. ಊರು ಬೆಟ್ಟಗಳ ನಡುವಿನ ತಟ್ಟೆಯಲ್ಲಿರುವುದರಿಂದ ಹೊಗೆ ಅಲ್ಲೇ ಕೂತುಬಿಡುತ್ತದೆ. ಮಾರ್ಚ್ ಮೊದಲ ವಾರ ಎದ್ದು ಕಿಟಕಿ ತೆರೆದರೆ 1,676 ಮೀಟರ್ ಎತ್ತರದ ದೊಯಿ ಸುಥೇಪ್ ಕಾಣಲೇ ಇಲ್ಲ; ಬೆಟ್ಟವಿದ್ದ ಜಾಗದಲ್ಲಿ ಬೂದುಬಣ್ಣದ ಗೋಡೆ. ಗಂಟಲು ಕೆರೆತ, ಕಣ್ಣುರಿ. ಗಾಳಿ ಶುದ್ಧಮಾಡುವ ಯಂತ್ರ ಕೊಂಡು, ಬಾಗಿಲ ಸಂದಿಗೆ ಟೇಪು ಅಂಟಿಸಿ, ಕೋಣೆಯೊಳಗೆ ಎರಡು ವಾರ ಇದ್ದೆ. 2023ರ ಮಾರ್ಚ್, ಏಪ್ರಿಲ್‌ನಲ್ಲಿ ಇದೇ ಊರು ಜಗತ್ತಿನ ಅತಿ ಕಲುಷಿತ ನಗರಗಳ ಪಟ್ಟಿಯ ತುದಿಗೇರಿತ್ತು ಎಂಬುದನ್ನು ಓದಿಕೊಂಡೇ ಹೋಗಿದ್ದೆ. ಓದಿದ್ದಕ್ಕೂ ಉಸಿರಾಡಿದ್ದಕ್ಕೂ ಬಹಳ ಅಂತರವಿದೆ. ನಾನಂತೂ ಓಡಿಹೋದೆ. ಅಲ್ಲಿ ಹುಟ್ಟಿದ ಮಕ್ಕಳು ಎಲ್ಲಿಗೆ ಹೋಗಬೇಕು? ನನ್ನ ಕಟ್ಟಡದ ಕಾವಲುಗಾರ ಎರಡು ವರ್ಷದ ಮೊಮ್ಮಗಳನ್ನು ಕಂಕುಳಲ್ಲಿಟ್ಟುಕೊಂಡು ಗೇಟಿನ ಬಳಿ ನಿಂತಿರುತ್ತಿದ್ದ. ಅವಳ ಮುಖಕ್ಕೆ ಸರಿಹೊಂದುವಷ್ಟು ಚಿಕ್ಕ ಮಾಸ್ಕು ಸಿಕ್ಕಿರಲಿಲ್ಲ.

ಜಾರ್ಜ್ ಟೌನ್ ಬಗ್ಗೆ ಹೇಳುವುದು ಕಡಿಮೆ, ಆದರೆ ಅದರಲ್ಲಿ ಪ್ರೀತಿ ಕಡಿಮೆಯಿಲ್ಲ. ಮಲಯ, ಚೀನೀ, ತಮಿಳು ಮೂರೂ ಬೀದಿಯಲ್ಲಿ ಕೇಳುತ್ತವೆ. ಇಂಗ್ಲಿಷ್ ಎಲ್ಲೆಡೆ ನಡೆಯುತ್ತದೆ. ಕ್ವೀನ್ ಸ್ಟ್ರೀಟಿನಲ್ಲಿ 1833ರ ಮಹಾಮಾರಿಯಮ್ಮನ ಗುಡಿ, ಪಕ್ಕದಲ್ಲೇ ಲಿಟ್ಲ್ ಇಂಡಿಯಾ, ಬಾಳೆಎಲೆ ಊಟ, ಅಲ್ಲಿ ತೋಸೈ ಎನ್ನಿಸಿಕೊಳ್ಳುವ ದೋಸೆ. ಎರಡು ವಾರಕ್ಕೆಂದು ಬಂದಿದ್ದ ಅಮ್ಮ ಮೂರನೆಯ ದಿನವೇ ಹೂವಿನ ಅಂಗಡಿಯಾಕೆಯ ಜೊತೆ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಸೊಸೆಯಂದಿರ ಸುದ್ದಿ ಮಾತನಾಡುತ್ತಿದ್ದರು. ಮಳೆ ಬಂದರೂ ಛತ್ರಿ ಬೇಕಿಲ್ಲ. ಹಳೆಯ ಅಂಗಡಿಮನೆಗಳ ಮುಂದೆ ಕಾಕಿ ಲಿಮಾ, ಎಂದರೆ ಐದಡಿ ಎಂಬ ಹೆಸರಿನ ಮಾಡಿನ ಜಗಲಿ ಉದ್ದಕ್ಕೂ ಹೋಗುತ್ತದೆ. ಮೂರು ಊರುಗಳಲ್ಲಿ ಇಂಟರ್ನೆಟ್ ಒಮ್ಮೆಯೂ ಕೈಕೊಡದೆ ನಡೆದದ್ದು ಇಲ್ಲಿ ಮಾತ್ರ. ಪ್ಲಗ್ಗು ಬ್ರಿಟಿಷರ ಚೌಕಮುಳ್ಳಿನದು, ಅಡಾಪ್ಟರ್ ಒಯ್ಯಿರಿ.

ತೊಡಕು ಗಡಿಯಾರದ್ದು. 1982ರಲ್ಲಿ ಮಲೇಷ್ಯಾ ತನ್ನ ಪಶ್ಚಿಮ ಭಾಗದ ಗಡಿಯಾರವನ್ನು ಅರ್ಧ ಗಂಟೆ ಮುಂದಿಟ್ಟು ಇಡೀ ದೇಶಕ್ಕೆ ಒಂದೇ ಹೊತ್ತು ಮಾಡಿತು. ಅದರಿಂದ ಪೆನಾಂಗ್ ನಮಗಿಂತ ಎರಡೂವರೆ ಗಂಟೆ ಮುಂದಿದ್ದರೂ ಸೂರ್ಯ ಹುಟ್ಟುವುದು ಏಳು ದಾಟಿದ ಮೇಲೆ. ಕೆಲಸ ಹನ್ನೆರಡಕ್ಕೆ ಶುರು, ರಾತ್ರಿ ಒಂಬತ್ತಕ್ಕೆ ಮುಕ್ತಾಯ. ಬೆಳಗಿಗೆ ಐದು ಗಂಟೆ ಸಿಗುತ್ತದೆ ನಿಜ, ಆದರೆ ಒಂಬತ್ತೂವರೆಯಾದರೆ ಬಿಸಿಲು ಮೈ ಸುಡುತ್ತದೆ. ಸಸ್ಯೋದ್ಯಾನದಲ್ಲಿ ಒಂದು ಸುತ್ತು, ಕೊಪಿಟಿಯಾಂ ಎಂಬ ಹಳೆಯ ಬಗೆಯ ಕಾಫಿ ಅಂಗಡಿಯಲ್ಲಿ ಒಂದು ಕರಿ ಕಾಫಿ, ಅಷ್ಟರಲ್ಲಿ ಅಂಗಿ ಬೆನ್ನಿಗಂಟಿರುತ್ತದೆ. ಸಂಜೆ ಎಂಬುದಂತೂ ಕೈಗೆ ಸಿಗಲೇ ಇಲ್ಲ.

ಡಾ ನಾಂಗ್‌ನಲ್ಲಿ ಗಂಟೆ ಚಿಯಾಂಗ್ ಮಾಯ್‌ನದ್ದೇ. ಆದರೆ ಊರು ಅದಕ್ಕಿಂತ ಬಹಳ ಪೂರ್ವಕ್ಕಿರುವುದರಿಂದ ಬೆಳಕು ಬೇಗ ಹರಿಯುತ್ತದೆ. ಆಗಸ್ಟ್‌ನಲ್ಲಿ ಐದು ಕಾಲರಿಂದ ಹನ್ನೊಂದರವರೆಗೆ ಸುಮಾರು ಆರು ಗಂಟೆ ನನ್ನದು. ಈಜು ಕಲಿತೆ. ಮೂವತ್ತೆಂಟನೆಯ ವಯಸ್ಸಿನಲ್ಲಿ, ಕಡಲಿನಲ್ಲಿ, ಭಾಷೆ ಗೊತ್ತಿಲ್ಲದ ಅಜ್ಜಿಯೊಬ್ಬರಿಂದ. ಮೊದಲ ದಿನ ಆಕೆ ಬೆರಳಿನಿಂದ ಮರಳಿನ ಮೇಲೆ ತಾನು ಹುಟ್ಟಿದ ವರ್ಷ ಬರೆದು, ನನ್ನದನ್ನು ಬರೆಯುವಂತೆ ಸನ್ನೆ ಮಾಡಿದರು. ವಿಯೆಟ್ನಾಮಿನಲ್ಲಿ ವಯಸ್ಸು ತಿಳಿಯದೆ ಮಾತೇ ಹುಟ್ಟುವುದಿಲ್ಲ: ದೊಡ್ಡವಳಾದರೆ ಚಿ, ಚಿಕ್ಕವರಾದರೆ ಎಮ್. ಅಕ್ಕ, ತಂಗಿ ಎನ್ನದೆ ಅಪರಿಚಿತರನ್ನು ಕರೆಯಲಾರದ ನಮಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ನೀರಿನಿಂದೆದ್ದು ರಸ್ತೆ ದಾಟಿದರೆ ಕಾಫಿ. ಫಿನ್ ಎಂಬ ಪುಟ್ಟ ತಗಡಿನ ಫಿಲ್ಟರನ್ನು ಗ್ಲಾಸಿನ ಮೇಲೆಯೇ ಕೂರಿಸಿ ತರುತ್ತಾರೆ. ನಮ್ಮ ಮನೆಯ ಫಿಲ್ಟರಿನ ಮೇಲಿನ ಅರ್ಧವನ್ನು ಒಬ್ಬರಿಗೆ ಸಾಲುವಷ್ಟು ಕಿರಿದು ಮಾಡಿದಂತಿರುತ್ತದೆ. ತಳದಲ್ಲಿ ಗಟ್ಟಿಹಾಲು, ಅದರ ಮೇಲೆ ಒಂದೊಂದೇ ಹನಿ ಕಪ್ಪು ಡಿಕಾಕ್ಷನ್. ಎಲ್ಲ ಇಳಿಯಲು ಐದಾರು ನಿಮಿಷ ಬೇಕು, ಯಾರೂ ಅವಸರ ಮಾಡುವುದಿಲ್ಲ. ಬೀಜ ರೊಬಸ್ಟಾ, ಮಧ್ಯದ ಎತ್ತರದ ಪ್ರದೇಶದ್ದು. ಕೊಡಗಿನ ರೊಬಸ್ಟಾ ಕುಡಿದು ಬೆಳೆದ ನಾಲಿಗೆಗೆ ಆ ಕಹಿ ಹೊಸದಲ್ಲ. ಊಟಕ್ಕೆ ಇಲ್ಲಿಯೂ ಒಂದು ಪದ: ಚಾಯ್. ಫಲಕದಲ್ಲಿ ಅದನ್ನು ಕಂಡು ಚಹಾ ಎಂದುಕೊಳ್ಳಬೇಡಿ, ಸಸ್ಯಾಹಾರ ಎಂದರ್ಥ. ಚಾಂದ್ರಮಾನ ತಿಂಗಳ ಮೊದಲನೆಯ ಮತ್ತು ಹದಿನೈದನೆಯ ದಿನ ಅನೇಕರು ಮಾಂಸ ಬಿಡುವುದರಿಂದ ಅಂದು ಈ ಅಂಗಡಿಗಳು ತುಂಬಿ ತುಳುಕುತ್ತವೆ.

ಒಂದು ಬೆಳಿಗ್ಗೆ, ಹಿಂದೆ ಈ ಭಾಗವನ್ನು ಆಳಿದ ಚಾಮ್ ಜನರ ಶಿಲ್ಪಗಳ ಸಂಗ್ರಹಾಲಯಕ್ಕೆ ಹೋದೆ. ಫ್ರೆಂಚರು 1919ರಲ್ಲಿ ತೆರೆದದ್ದು. ಊರಿನಿಂದ ಸುಮಾರು 70 ಕಿಲೋಮೀಟರ್ ದೂರದ ಮಿ ಸನ್‌ನ ಶಿವಾಲಯಗಳಿಂದ ತಂದ ಲಿಂಗಪೀಠಗಳು, ಗಣಪತಿ, ನರ್ತಿಸುವ ಶಿವ. ಆ ದೇವಾಲಯ ಸಮೂಹದ ಜೀರ್ಣೋದ್ಧಾರದಲ್ಲಿ ನಮ್ಮ ಪುರಾತತ್ವ ಸರ್ವೇಕ್ಷಣ ಇಲಾಖೆಯೂ ಕೈಜೋಡಿಸಿದೆ. ಗಣಪತಿಯ ಮುಂದೆ ಕೈ ತಾನಾಗಿ ಮುಗಿಯಿತು. ಪಕ್ಕದಲ್ಲಿದ್ದ ಶಾಲಾಮಕ್ಕಳ ಗುಂಪಿನ ಹುಡುಗಿಯೊಬ್ಬಳು ನನ್ನನ್ನು ನೋಡಿ ತಾನೂ ಕೈಮುಗಿದಳು.

ಕೊರತೆಗಳನ್ನೂ ಹೇಳಬೇಕು. ನಾನು ಮೊದಲು ಹಿಡಿದ ಮನೆಯ ಮಗ್ಗುಲಲ್ಲೇ ಹೊಸ ಕಟ್ಟಡ ಏಳುತ್ತಿತ್ತು. ಅದನ್ನು ಮನೆ ತೋರಿಸಿದ ದಲ್ಲಾಳಿ ಬಾಯಿಬಿಡಲಿಲ್ಲ. ಹನ್ನೊಂದಕ್ಕೆ ಮೀಟಿಂಗ್ ಶುರುವಾದರೆ ಅತ್ತ ಕಬ್ಬಿಣ ಕೊಯ್ಯುವ ಸದ್ದು. ತಿಂಗಳ ಬಾಡಿಗೆ ಬಿಟ್ಟು ಬೇರೆ ಮನೆಗೆ ಹೋದೆ. ವಿಯೆಟ್ನಾಮಿಗೆ ಬರುವ ಸಮುದ್ರದಾಳದ ಕೇಬಲ್‌ಗಳು ಆಗಾಗ ತುಂಡಾಗುತ್ತವೆ. ಅಂಥ ವಾರ ಸ್ಥಳೀಯ ತಾಣಗಳು ಚುರುಕಾಗಿಯೇ ಇದ್ದರೂ ಬೆಂಗಳೂರಿನ ಸರ್ವರ್ ತೆವಳುತ್ತದೆ. ಸ್ಕೂಟರ್ ಬಾಡಿಗೆಗೆ ಸುಲಭವಾಗಿ ಸಿಗುತ್ತದೆ, ಆದರೆ ಹತ್ತಬೇಡಿ: ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿ 1949ರ ರಸ್ತೆ ಸಂಚಾರ ಒಪ್ಪಂದದ್ದು, ವಿಯೆಟ್ನಾಂ ಮಾನ್ಯ ಮಾಡುವುದು 1968ರದ್ದನ್ನು. ಅಪಘಾತವಾದರೆ ವಿಮೆಯ ಹಣವೂ ಬರದಂತಾಗುತ್ತದೆ. ನಾನು ಸೈಕಲ್ಲಿನಲ್ಲೇ ಓಡಾಡಿದೆ.

ಅಕ್ಟೋಬರ್ ಎರಡನೆಯ ವಾರ ಮಳೆ ಹಿಡಿಯಿತು. ನಮ್ಮ ಮಲೆನಾಡಿನ ಆಷಾಢದಂತೆ, ನಿಲ್ಲುವ ಮಾತೇ ಇಲ್ಲ. ಚರ್ಮದ ಬೆಲ್ಟಿನ ಮೇಲೆ ಬೂಷ್ಟು, ತೀರದಲ್ಲಿ ಕೆಂಪು ಬಾವುಟ. ಅಜ್ಜಿಯರು ಮಳೆಕೋಟು ಹಾಕಿಕೊಂಡು ಬಂದು, ಕಡಲನ್ನು ನೋಡಿ, ಹಿಂದಿರುಗುತ್ತಿದ್ದರು.

ಹಾಗಾಗಿ ಈ ಸಲದ ಯೋಜನೆ ಹೀಗಿದೆ. ನವೆಂಬರ್‌ನಿಂದ ಜನವರಿ ಮುಗಿಯುವವರೆಗೆ ಚಿಯಾಂಗ್ ಮಾಯ್, ಒಂದು ದಿನವೂ ಹೆಚ್ಚಿಲ್ಲ. ಅಮ್ಮನಿಗೆ ಬೇಕೆನಿಸಿದಾಗ ಇಬ್ಬರೂ ಒಂದು ವಾರ ಪೆನಾಂಗ್‌ಗೆ, ಅದೂ ನಾನು ರಜೆ ಹಾಕಿಕೊಂಡು. ಮಾರ್ಚ್‌ನಿಂದ ಮೇವರೆಗೆ ಡಾ ನಾಂಗ್. ಅಲ್ಲಿ ಎರಡನೆಯದಾಗಿ ಹಿಡಿದಿದ್ದ ಮನೆಯ ಒಡತಿಗೆ ಆಗಲೇ ಬರೆದಿದ್ದೇನೆ. ಹಿಂಬದಿಯ ಕೋಣೆ ಖಾಲಿ ಇದೆಯಂತೆ. ಈಜು ಕಲಿಸಿದ ಅಜ್ಜಿ ಈಗಲೂ ಐದಕ್ಕೇ ಬರುತ್ತಾರೆ ಎಂದೂ ತಿಳಿಸಿದ್ದಾರೆ.